ಬೀಜದ ಸಾಲಿನ ಹುಳಿ

ಕಡಲೆ ಗಿಡ ಸಾಧು ಎಂದು ಯಾರಾದರೂ ಹೇಳಿದರೆ ನನಗೆ ಈಗಲೂ ನಗು ಬರುತ್ತದೆ. ಮೊಣಕಾಲಿಗೂ ಬಾರದ ಗಿಡ. ಮುಳ್ಳಿಲ್ಲ, ಕಹಿಯಿಲ್ಲ, ಮುರಿದರೆ ಹಾಲು ಸುರಿಯುವುದಿಲ್ಲ. ಆದರೆ ಚಳಿಗಾಲದ ಬೆಳಗ್ಗೆ, ಬಿಸಿಲೇರುವ ಮೊದಲು, ಒಡೆದ ಹಿಮ್ಮಡಿ ಇಟ್ಟುಕೊಂಡು ಕಡಲೆ ಸಾಲಿನಲ್ಲಿ ಹತ್ತು ಹೆಜ್ಜೆ ನಡೆದು ನೋಡಬೇಕು. ಗಿಡದ ಮೈಮೇಲಿನ ಸಣ್ಣ ನವಿರುಗಳಿಂದ ಹುಳಿ ಒಸರುತ್ತಿರುತ್ತದೆ. ಅದು ಇಬ್ಬನಿಯೊಂದಿಗೆ ಬೆರೆತು ಕಾಲಿಗೆ ಹತ್ತಿದರೆ ಬಿರುಕುಗಳಲ್ಲಿ ಖಾರದ ಪುಡಿ ತುಂಬಿದ ಹಾಗೆ ಉರಿಯುತ್ತದೆ. ಚಪ್ಪಲಿ ಹಾಕಿಕೊಂಡು ಹೋದರೆ ಚಪ್ಪಲಿಯ ಚರ್ಮ ಕೆಡುತ್ತದೆ. ಅದಕ್ಕೇ ನಮ್ಮ ಕಡೆ ಚಪ್ಪಲಿಯನ್ನು ಬದುವಿನ ಮೇಲೆ ಬಿಟ್ಟು ಹೊಲಕ್ಕಿಳಿಯುತ್ತಾರೆ. ಹೊರಗಿನವರು ಅದನ್ನು ಭಕ್ತಿ ಎಂದುಕೊಳ್ಳುತ್ತಾರೆ.

ನಾನು ಆ ಉರಿಯನ್ನು ಮೊದಲು ಕಂಡದ್ದು ಮದುವೆಯಾಗಿ ಬಂದ ವರ್ಷ. ಆಗಿನ್ನೂ ನಿಜಾಮರ ರಾಜ್ಯ. ನನ್ನ ತವರು ತಾಂಡೂರು. ಅಪ್ಪನದು ಒಂದು ಜೊತೆ ಎತ್ತು, ಒಂದು ಗಾಡಿ. ಗಣಿಯಿಂದ ರೈಲ್ವೆ ಸ್ಟೇಶನ್ನಿಗೆ ನೆಲಕ್ಕೆ ಹಾಸುವ ಪರಸಿ ಕಲ್ಲು ಹೊರುವ ಕೆಲಸ. ಊರಾಚೆ ತೊಗರಿ ಬೆಳೆಯುವ ಒಂದು ತುಂಡು ಹೊಲ ಕೂಡ ಇತ್ತು. ಶಾಲೆಯಲ್ಲಿ ಉರ್ದು ಕಲಿಸುತ್ತಿದ್ದರು, ಅದೂ ಗಂಡುಮಕ್ಕಳಿಗೆ. ನಾನು ಕನ್ನಡದ ನಾಲ್ಕಕ್ಷರ ಕಲಿತದ್ದು ಮಠದ ಅಯ್ಯನವರ ಹತ್ತಿರ, ಒಡೆದ ಪರಸಿ ತುಂಡಿನ ಮೇಲೆ ಬಳಪದಿಂದ ತಿದ್ದಿ. ಅಪ್ಪ ನನ್ನನ್ನು ಕೊಟ್ಟದ್ದು ನಾರಾಯಣಖೇಡದ ಕಡೆಗೆ, ಮನೂರಿನಾಚೆಯ ಒಂದು ಎರೆಹೊಲದ ಹಳ್ಳಿಗೆ. ಮಾವ ತೀರಿಕೊಂಡಿದ್ದರು. ಮನೆಯಲ್ಲಿ ಅತ್ತೆ, ನಮ್ಮ ಯಜಮಾನರು, ನಾನು, ಮೂವರೇ. ಹೆಸರಿಗೆ ಯಜಮಾನರು ಅವರಾದರೂ ಯಜಮಾನಿಕೆ ಯಾರದು ಎಂದು ಎತ್ತುಗಳಿಗೂ ಗೊತ್ತಿತ್ತು.

ಕಡಲೆಯಿಂದ ಹುಳಿ ತೆಗೆಯುವುದನ್ನು ಅತ್ತೆ ನನಗೆ ಕಲಿಸಿದರು. ನಸುಕಿನಲ್ಲಿ ಎದ್ದು, ಒಗೆದ ಬಿಳಿ ಧೋತರವನ್ನು ಇಬ್ಬರು ಎರಡು ತುದಿ ಹಿಡಿದು, ಗಿಡಗಳ ನೆತ್ತಿ ಸವರುವ ಹಾಗೆ ಸಾಲಿನುದ್ದಕ್ಕೂ ಎಳೆಯುತ್ತ ಹೋಗಬೇಕು. ಬಟ್ಟೆ ಒದ್ದೆಯಾದ ಮೇಲೆ ಮಣ್ಣಿನ ಕುಡಿಕೆಗೆ ಹಿಂಡಬೇಕು. ಹಿತ್ತಾಳೆ ಪಾತ್ರೆಗೆ ಹಿಂಡಿದರೆ ಕಿಲುಬು ಹಿಡಿಯುತ್ತದೆ. ಹಿಂಡಿದ ನೀರನ್ನು ಸೋಸಿ ಸೀಸೆಗೆ ತುಂಬಿಟ್ಟರೆ ವರ್ಷವಿಡೀ ಮನೆಗೆ ಔಷಧ. ಹೊಟ್ಟೆ ನೋವಿಗೆ, ಅಜೀರ್ಣಕ್ಕೆ, ಎತ್ತಿನ ಹೊಟ್ಟೆ ಉಬ್ಬರಕ್ಕೆ, ಎಲ್ಲಕ್ಕೂ ನೀರಿನಲ್ಲಿ ನಾಲ್ಕು ಹನಿ. ಈಗಿನ ಡಾಕ್ಟರರು ನಗಬಹುದು. ಅವರಲ್ಲಿ ಒಬ್ಬರ ಜೊತೆ ನಾನು ಜಗಳವಾಡಿಯೂ ಬಂದಿದ್ದೇನೆ.

ಹುಳಿ ತೆಗೆಯುವುದಕ್ಕೆ ಅತ್ತೆಯ ಕಟ್ಟಳೆಗಳಿದ್ದವು. ಒಂದು ಸಾಲು ಸವರಿದರೆ ಪಕ್ಕದ ಸಾಲು ಬಿಡಬೇಕು. ಸವರಿದ ಸಾಲಿಗೆ ಆ ವರ್ಷ ಮತ್ತೆ ಬಟ್ಟೆ ತಾಗಿಸಬಾರದು. ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಹೊಲದ ಬಡಗಣ ಮೂಲೆಯಲ್ಲಿದ್ದ ಒಂಬತ್ತು ಬೀಜದ ಸಾಲುಗಳ ಹತ್ತಿರ ಸುಳಿಯಲೇಬಾರದು. ಯಾಕೆ ಎಂದು ನಾನು ಕೇಳಿದೆ. ಹೊಸ ಸೊಸೆ ಯಾಕೆ ಎಂದು ಕೇಳುವ ಕಾಲ ಅದಲ್ಲ, ಆದರೆ ಕೇಳಿದೆ.

"ಹುಳಿ ಅಂದ್ರ ಕಡ್ಲಿ ಕೈಯಾನ ಬಡಿಗಿ ಯವ್ವಾ," ಎಂದರು ಅತ್ತೆ. "ಹುಳಾ ಬಂದ್ರ ಹೊಡೀಲಿಕ್ಕಿ ಅದಕ್ಕ ಅದೊಂದೇ ಅದ. ನಮಗ ಬೇಕಂತ ಅಷ್ಟೂ ಕಸಗೊಂಡ್ರ ಅದು ಯಾತರಿಂದ ಹೊಡೀಬೇಕು?"

ಆ ಒಂಬತ್ತು ಸಾಲಿನ ಕಡಲೆ ಉಳಿದ ಹೊಲದ ಕಡಲೆಯಂತಲ್ಲ. ಕಾಳು ದುಂಡಗೆ, ಕೆಂಪು ಹೆಚ್ಚು, ಹುರಿದರೆ ಪರಿಮಳ. ಅದು ಅತ್ತೆಯ ತವರಿನದು. ಅವರ ತವರು ನಾಗಲಗಿದ್ದದ ಬದಿಯ ಒಂದು ಊರು. ಒಂದು ವರ್ಷದ ವಾಂತಿಭೇದಿಯಲ್ಲಿ ಅಲ್ಲಿದ್ದ ಅವರ ತಾಯಿ, ತಂದೆ, ಇಬ್ಬರು ಅಣ್ಣಂದಿರು ಹೋಗಿಬಿಟ್ಟರು. ಅವರ ದಿನಕರ್ಮಕ್ಕೆಂದು ಹೋದ ಅತ್ತೆ ಹಿಂದಿರುಗುವಾಗ ಸೆರಗಿನಲ್ಲಿ ಗಂಟು ಕಟ್ಟಿ ತಂದದ್ದು ಬಿತ್ತಲೆಂದು ಅಪ್ಪ ಎತ್ತಿಟ್ಟಿದ್ದ ಕಡಲೆ ಮಾತ್ರ. ಅಲ್ಲಿಂದ ಪ್ರತಿವರ್ಷ ಒಂಬತ್ತು ಸಾಲು. ಆ ವರ್ಷದ ಬೀಜ ಕೆಟ್ಟರೆ ಮುಂದಿನ ವರ್ಷಕ್ಕೆ ಬೇರೆ ಇಲ್ಲ. ಹಳೆಯದನ್ನು ಇಟ್ಟರೆ ನುಸಿ ಬಿಡುವುದಿಲ್ಲ. ಇದನ್ನೆಲ್ಲ ಅತ್ತೆ ಕಣ್ಣೀರಿಲ್ಲದೆ, ಧೋತರ ಹಿಂಡುತ್ತ ಹೇಳಿದರು. ನಾನು ಕೇಳಿಸಿಕೊಂಡೆ. ಕೇಳಿಸಿಕೊಂಡೂ ಮಾಡಿದೆ ಎಂಬುದೇ ನನ್ನ ತಪ್ಪು.

ಮನೆಯ ಸೀಸೆ ತುಂಬಿದ ವಾರದಲ್ಲಿ ಎತ್ತು ಕೊಳ್ಳಲು ಬಂದ ತಾಂಡೂರಿನವರೊಬ್ಬರು ಅಪ್ಪನ ಸುದ್ದಿ ತಂದರು. ಎರಡು ತಿಂಗಳಿಂದ ಹೊಟ್ಟೆ ನೋವು, ಊಟ ಸೇರುತ್ತಿಲ್ಲ, ಗಾಡಿ ಕಟ್ಟುವುದನ್ನೇ ಬಿಟ್ಟಿದ್ದಾನೆ ಎಂದರು. ಅತ್ತೆಗೆ ಹೇಳಿದ್ದರೆ ಮುಗಿದು ಹೋಗುತ್ತಿತ್ತು. ನಾನು ಹೇಳಲಿಲ್ಲ. ಬಂದು ಆರು ತಿಂಗಳಾಗಿಲ್ಲ, ಆಗಲೇ ತವರಿಗೆ ಸಾಗಿಸುತ್ತಿದ್ದಾಳೆ ಎಂಬ ಮಾತು ಬಂದರೆ ಎಂದು ಭಯ. ಮನೆಯ ಸೀಸೆಯಿಂದ ಕದಿಯಲು ಮನಸ್ಸು ಬರಲಿಲ್ಲ. ನೋಡಿ, ಕಳ್ಳಿಗೂ ಒಂದು ಮರ್ಯಾದೆ ಇರುತ್ತದೆ.

ಸವರಬಹುದಾದ ಸಾಲುಗಳನ್ನೆಲ್ಲ ಸವರಿ ಮುಗಿಸಿದ್ದೆವು. ಮನೆಯ ಕಡೆಯಿಂದ ಕಾಣದ ಜಾಗವೆಂದರೆ ಬಡಗಣ ಮೂಲೆ. ಅಡ್ಡಲಾಗಿ ಜಾಲಿಯ ಬೇಲಿ ಇತ್ತು. ಸಗಣಿ ತರುವ ನೆಪ ಮಾಡಿ ನಸುಕಿನಲ್ಲಿ ಒಬ್ಬಳೇ ಹೋದೆ. ಧೋತರದ ಒಂದು ತುದಿ ಕೋಲಿಗೆ ಕಟ್ಟಿ ಬೀಜದ ಸಾಲುಗಳ ಮೇಲೆ ಎಳೆದೆ. ಅಲ್ಲಿನ ಹುಳಿಯ ಖಾರವೇ ಬೇರೆ. ಒಂದು ದಿನಕ್ಕೆ ಸೀಸೆ ತುಂಬಲಿಲ್ಲ. ಮರುದಿನ ಅವೇ ಸಾಲು, ಅದರ ಮರುದಿನವೂ ಅವೇ. ಐದು ಬೆಳಗು ಹೀಗೆ ನಡೆಯಿತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದಲ್ಲ, ಹಾಗೆ. ತುಂಬಿದ ಸೀಸೆಯನ್ನು ಒಣಗಿದ ಸಗಣಿ ಕುಳ್ಳಿನ ರಾಶಿಯೊಳಗೆ ಹುಗಿದಿಟ್ಟೆ. ಕಳಿಸುವ ದಾರಿ ಮಾತ್ರ ಹೊಳೆಯಲಿಲ್ಲ.

ಆರನೆಯ ದಿನ ಮೋಡ ಕವಿಯಿತು. ಚಳಿಗಾಲದಲ್ಲಿ ಬರಬಾರದ ಮೋಡ. ಮೂರು ದಿನ ಸೂರ್ಯ ಕಾಣಲಿಲ್ಲ. ಜಿಟಿಜಿಟಿ ಹನಿ, ಚಳಿಯೂ ಇಲ್ಲ, ಸೆಕೆಯೂ ಇಲ್ಲ. ಅತ್ತೆ ಅಂಗಳದಲ್ಲಿ ನಿಂತು ಆಕಾಶವನ್ನು ಬೈದರು. ನಾಲ್ಕನೆಯ ದಿನ ಹೊಲಕ್ಕೆ ಹೋದಾಗ ಎಲೆಗಳ ಮೇಲೆ ಹಸಿರು ಹುಳ. ಮೊದಲು ಎಲೆಯದೇ ಬಣ್ಣ ಎಂದು ಕಾಣಿಸುವುದಿಲ್ಲ. ಒಂದು ಕಂಡರೆ ಆಮೇಲೆ ಕಣ್ಣಿಗೆ ಅದೇ. ಹೊಲದಲ್ಲೆಲ್ಲ ಅಲ್ಲೊಂದು ಇಲ್ಲೊಂದು ಇತ್ತು. ಬೀಜದ ಸಾಲುಗಳಲ್ಲಿ ಗಿಡಕ್ಕೆ ನಾಲ್ಕೈದು. ಚಿಗುರು ಹೋಗಿತ್ತು, ಹೂವಿನ ಮೊಗ್ಗು ಹೋಗಿತ್ತು, ಕೆಲವು ಗಿಡಗಳಲ್ಲಿ ಬರೀ ಕಡ್ಡಿ ಉಳಿದಿತ್ತು.

ನಾನೊಂದು ಎಲೆ ಕಿತ್ತು ನಾಲಿಗೆಗೆ ಹಚ್ಚಿಕೊಂಡೆ. ಹುಳಿಯೇ ಇರಲಿಲ್ಲ. ಹುಲ್ಲು ಜಗಿದ ಹಾಗೆ ಸಪ್ಪೆ. ಅತ್ತೆಗೆ ತವರೆಂದು ಉಳಿದದ್ದು ಈ ಒಂಬತ್ತು ಸಾಲು. ಅದರ ಕೈಯ ಬಡಿಗೆಯನ್ನು ನಾನು ಕಸಿದುಕೊಂಡಿದ್ದೆ, ನನ್ನ ತವರಿಗೆಂದು.

ಅತ್ತೆ ಬೈಯುತ್ತಾರೆ ಎಂದು ಕಾದೆ. ಅವರು ಗಿಡಗಳ ನಡುವೆ ಕುಕ್ಕರಗಾಲಿನಲ್ಲಿ ಕೂತು ಬಹಳ ಹೊತ್ತು ನೋಡಿದರು. ಎದ್ದು, ಜಾಲಿಯ ಟೊಂಗೆ ಕಡಿದು ತರಲು ಮಗನಿಗೆ ಹೇಳಿದರು. ಟೊಂಗೆಗಳನ್ನು ಸಾಲುಗಳ ನಡುನಡುವೆ ನೆಟ್ಟೆವು, ಹಕ್ಕಿ ಬಂದು ಕೂರಲಿ ಎಂದು. ನನಗೆ ಗೊತ್ತಿದ್ದದ್ದು ತಾಂಡೂರಿನ ವಿದ್ಯೆ: ತೊಗರಿಗೆ ಹುಳ ಬಿದ್ದರೆ ನಮ್ಮಲ್ಲಿ ಗಿಡದ ಕೆಳಗೆ ಬಟ್ಟೆ ಹಾಸಿ ಗಿಡ ಅಲುಗಿಸುತ್ತಾರೆ. ಕಡಲೆಯ ಕುಳ್ಳ ಗಿಡಕ್ಕೆ ಅದು ಅಷ್ಟಾಗಿ ಒಗ್ಗಲಿಲ್ಲ. ಕೊನೆಗೆ ಕೈಯಿಂದಲೇ ಆರಿಸಿದೆ. ಬೆಳಗ್ಗೆ ಕೂತರೆ ಮಧ್ಯಾಹ್ನ, ಸೊಂಟ ನೆಟ್ಟಗಾಗುತ್ತಿರಲಿಲ್ಲ. ಇಷ್ಟೊಂದು ದುಡಿಯುವ ಸೊಸೆ ಎಂದು ನಮ್ಮ ಯಜಮಾನರು ಅತ್ತೆಯ ಮುಂದೆ ಹೊಗಳಿದರು. ಅಷ್ಟು ನಾಚಿಕೆಯ ಹೊಗಳಿಕೆ ನಾನು ಮತ್ತೆಂದೂ ಕೇಳಿಲ್ಲ.

ಅಷ್ಟರಲ್ಲಿ ಎಳ್ಳ ಅಮಾವಾಸ್ಯೆ ಬಂತು. ಆ ದಿನ ಮನೆಯವರೆಲ್ಲ ಗಾಡಿ ಕಟ್ಟಿಕೊಂಡು ಹೊಲಕ್ಕೆ ಹೋಗುವುದು, ಜೋಳದ ದಂಟಿನ ಕೊಂಪೆಯೊಳಗೆ ಐದು ಕಲ್ಲಿಟ್ಟು ಪೂಜಿಸುವುದು, ಆಮೇಲೆ ಹೊಲದ ಸುತ್ತ ಚರಗ ಚೆಲ್ಲುವುದು. ಚರಗವೆಂದರೆ ಅಂದು ಮಾಡಿದ ಅಡುಗೆಯದೇ ಒಂದು ಪಾಲು: ಕಡುಬು, ಅನ್ನ, ಕಾಳು ತರಕಾರಿ ಕೂಡಿಸಿ ಬೇಯಿಸಿದ ಭಜ್ಜಿ. ಭೂಮಿತಾಯಿ ಬಸುರಿ, ಅವಳ ಬಯಕೆ ತೀರಿಸಬೇಕು ಎನ್ನುತ್ತಾರೆ. ಆ ವರ್ಷ ಅತ್ತೆ, ಹಕ್ಕಿಗಳ ಕಣ್ಣಿಗೆ ಬೀಳಲೆಂದು, ಅನ್ನಕ್ಕೆ ಅರಿಶಿನ ಹಾಕಿ ಹಳದಿ ಮಾಡಿದ್ದರು. ಉಳಿದ ಹೊಲಕ್ಕೆ ಶಾಸ್ತ್ರಕ್ಕೆಂದು ನಾಲ್ಕು ಅಗುಳು ಚೆಲ್ಲಿ, ಬುಟ್ಟಿಯನ್ನು ಬೀಜದ ಸಾಲುಗಳ ಮೇಲೆ ಸುರಿದುಬಿಟ್ಟರು. ಬಯಕೆ ಇದ್ದದ್ದು ಭೂಮಿತಾಯಿಗಿಂತ ಅತ್ತೆಗೇ ಹೆಚ್ಚು ಎಂದು ನನಗೆ ಆಗ ಗೊತ್ತಾಯಿತು.

ನಾವು ಉಣ್ಣಲು ಕೂತೆವು. ಮೊದಲು ಎರಡು ಮೈನಾ ಬಂದವು. ಆಮೇಲೆ ಕಾಜಾಣ, ಬಾಲ ಅಲ್ಲಾಡಿಸುತ್ತ ಜಾಲಿ ಟೊಂಗೆಯ ಮೇಲೆ ಕೂತಿತು. ನೋಡುನೋಡುತ್ತ ಬೆಳ್ಳಕ್ಕಿ, ಗುಬ್ಬಿ, ಹೆಸರು ಗೊತ್ತಿಲ್ಲದ ಎಷ್ಟೋ. ಅನ್ನಕ್ಕೆಂದು ಬಂದವು ಅನ್ನ ಮರೆತು ಹುಳಕ್ಕೆ ಬಿದ್ದವು. ಕಾಜಾಣವೊಂದು ಇಳಿದು, ಎತ್ತಿ, ಮತ್ತೆ ಟೊಂಗೆಗೆ ಹೋಗಿ ನುಂಗುವುದನ್ನು ನಾನು ಹನ್ನೊಂದು ಸಲ ಎಣಿಸಿದೆ. ನನಗೆ ಅಳು ಬಂತು. ಯಜಮಾನರು ಎತ್ತಿಗೆ ನೀರು ತೋರಿಸಲು ಎದ್ದು ಹೋದದ್ದೇ ತಡ, ಎಲ್ಲವನ್ನೂ ಹೇಳಿಬಿಟ್ಟೆ. ಐದು ಬೆಳಗು, ಕೋಲು, ಧೋತರ, ಅಪ್ಪನ ಹೊಟ್ಟೆ, ಕುಳ್ಳಿನ ರಾಶಿ. ತಪ್ಪಾತ್ರೀ ಅತ್ತಿ, ತಪ್ಪಾತ್ರೀ ಎಂದು ಎಷ್ಟು ಸಲ ಅಂದೆನೋ.

ಅತ್ತೆ ರೊಟ್ಟಿ ಮುರಿದು ಭಜ್ಜಿಗೆ ಅದ್ದಿದರು. ಅದನ್ನು ತಿಂದು ಮುಗಿಸಿಯೇ ಮಾತಾಡಿದರು.

"ಧೋತ್ರ ಒಗಿಯಾಕ ತೊಗೊಂಡಾಗ ಬಟ್ಟಿ ಜಾಳಜಾಳ ಆಗಿತ್ತು. ನಾ ತೆಗಸಿದ ಹುಳಿಗಿ ಅಷ್ಟು ತೂತು ಬೀಳಂಗಿಲ್ಲ. ಅವತ್ತೇ ಗೊತ್ತಾಗ್ಯಾದ ನನಗ. ಯಾರಿಗಿ ಅನ್ನೋದು ಗೊತ್ತಿದ್ದಿಲ್ಲ." ಮತ್ತೊಂದು ತುಂಡು ರೊಟ್ಟಿ ಮುರಿಯುತ್ತ ಕೇಳಿದರು. "ಶೀಸಿ ನಿಮ್ಮಪ್ಪಗ ಮುಟ್ಯಾದೇನು?"

ಇಲ್ಲ, ಕಳಿಸಲು ಧೈರ್ಯ ಬರಲಿಲ್ಲ, ಇನ್ನೂ ಕುಳ್ಳಿನೊಳಗೇ ಇದೆ ಎಂದೆ. ಆಗ ಅವರಿಗೆ ನಿಜವಾದ ಸಿಟ್ಟು ಬಂತು. "ನನ್ನ ಬೀಜದ ಚಿಗುರೂ ಹೋಯ್ತು, ನಿಮ್ಮಪ್ಪನ ಹೊಟ್ಟಿ ನೋವೂ ಹೋಗಲಿಲ್ಲ. ಎಲ್ಡೂ ಕಡಿ ಕೆಡಿಸಿ ಕುಂತೀದಿ. ಕದ್ದ ಮ್ಯಾಲ ಮುಟ್ಟಸಬೇಕವ್ವಾ, ಮುಟ್ಟಸಬೇಕು."

ನನಗೆ ಅಳುತ್ತಲೇ ನಗು ಬಂತು. ನಗಬಾರದೆಂದು ಸೆರಗು ಕಚ್ಚಿಕೊಂಡೆ. ಅವರು ಅದನ್ನು ನೋಡಿಯೂ ನೋಡದವರ ಹಾಗೆ, ಹುಳ ಬಂದದ್ದು ನಿನ್ನೊಬ್ಬಳಿಂದಲೇ ಅಲ್ಲ, ಜಿಟಿಮಳೆಯೂ ಇಡೀ ಹೊಲದ ಹುಳಿ ತೊಳೆದುಕೊಂಡು ಹೋಗಿದೆ, ದೊಡ್ಡ ಕಳ್ಳ ಮೇಲಿದ್ದಾನೆ ಎಂದು ಆಕಾಶದ ಕಡೆ ಗದ್ದ ಎತ್ತಿದರು. ಎದೆಯ ಮೇಲಿನ ಅರ್ಧ ಭಾರ ಅಲ್ಲೇ ಇಳಿಯಿತು. ಉಳಿದರ್ಧ ಗಿಡಗಳ ಕೈಯಲ್ಲಿತ್ತು.

ಸೀಸೆ ಮರುದಿನವೇ ಹೊರಟಿತು. ಯಜಮಾನರು ಗಾಡಿಯಲ್ಲಿ ಜಹೀರಾಬಾದಿಗೆ ಹೋಗಿ, ಅಲ್ಲಿಂದ ರೈಲು ಹಿಡಿದು, ವಿಕಾರಾಬಾದಿನಲ್ಲಿ ಬದಲಿಸಿ ತಾಂಡೂರು ಮುಟ್ಟಿದರು. ಜಹೀರಾಬಾದ್ ಸ್ಟೇಶನ್ನಿನಲ್ಲಿ ಅಬಕಾರಿ ಜವಾನನೊಬ್ಬ ಸೀಸೆ ಕಂಡು ಹಿಡಿದನಂತೆ. ದವಾ ಹೈ, ಔಷಧ ಎಂದು ಇವರು ಎಷ್ಟು ಹೇಳಿದರೂ ನಂಬದೆ, ಬೂಚು ತೆಗೆದು ಒಂದು ಗುಟುಕು ಬಾಯಿಗೆ ಹಾಕಿಕೊಂಡ. ಆಮೇಲೆ ಅವನ ಮುಖ ಹೇಗಾಯಿತೆಂದು ಯಜಮಾನರು ಮಾಡಿ ತೋರಿಸುತ್ತಿದ್ದರು. ಅವನೇ ರೈಲಿನಲ್ಲಿ ಜಾಗ ಮಾಡಿಕೊಟ್ಟನಂತೆ, ಈ ಮನುಷ್ಯ ಬೇಗ ಊರು ಬಿಟ್ಟು ಹೋಗಲಿ ಎಂದು.

ಮೋಡ ಹರಿದು ಬಡಗಣ ಗಾಳಿ ಬೀಸತೊಡಗಿತು. ಒಣ ಚಳಿ, ತುಟಿ ಒಡೆಯುವಂಥದ್ದು. ನಾನು ದಿನಾ ಹೋಗಿ ನೋಡುತ್ತಿದ್ದೆ. ಏಳೆಂಟು ದಿನ ಏನೂ ಇಲ್ಲ. ಕಡ್ಡಿಗಳು ಕಡ್ಡಿಗಳಾಗಿಯೇ ನಿಂತಿದ್ದವು. ಒಂದು ಬೆಳಗ್ಗೆ ಸಾಲಿನೊಳಗೆ ಕಾಲಿಟ್ಟೆ, ನಾಲ್ಕು ಹೆಜ್ಜೆ ಹೋಗುವುದರೊಳಗೆ ಹಿಮ್ಮಡಿ ಚುರ್ರೆಂದಿತು. ಅಲ್ಲೇ ನಿಂತೆ. ಮತ್ತೆರಡು ಹೆಜ್ಜೆ ಇಟ್ಟೆ, ಮತ್ತೆ ಉರಿ. ಬಗ್ಗಿ ನೋಡಿದರೆ ಮುರಿದ ತುದಿಯ ಕೆಳಗೆ, ಎಲೆ ಇದ್ದ ಕಡೆಯಲ್ಲೆಲ್ಲ, ಒಂದರ ಬದಲು ಮೂರು ಚಿಗುರು. ಚಿಗುರಿನ ಮೈತುಂಬ ಬಿಳಿ ನವಿರು, ಮೊದಲಿಗಿಂತ ಒತ್ತಾಗಿ. ಬೆರಳು ಸವರಿ ನೆಕ್ಕಿದೆ. ಹಲ್ಲು ಜುಂ ಎಂದವು. ನನ್ನ ಜನ್ಮದಲ್ಲಿ ಅಷ್ಟು ಹುಳಿಯಾದದ್ದನ್ನು ಅಷ್ಟು ಸಂತೋಷದಿಂದ ತಿಂದಿಲ್ಲ. ಉರಿಯುವ ಕಾಲಿನಲ್ಲೇ ಮನೆಗೆ ಓಡಿದೆ.

ಅತ್ತೆ ಬಂದು, ತಾವೂ ಬೆರಳು ನೆಕ್ಕಿ, ಹೂಂ ಎಂದರು. ಒಮ್ಮೆ ಕಡಿಸಿಕೊಂಡ ಗಿಡ ಹುಷಾರಾಗುತ್ತದೆ, ಎರಡನೆಯ ಸಲ ಹುಳಕ್ಕೆ ಸುಲಭಕ್ಕೆ ಬಗ್ಗುವುದಿಲ್ಲ ಎಂದು ಅವರ ಅಪ್ಪ ಹೇಳುತ್ತಿದ್ದರಂತೆ. ಅದು ಎಷ್ಟು ನಿಜವೋ ಕಲಿತವರು ಹೇಳಬೇಕು. ಒಣ ಗಾಳಿಗೂ ಒಂದು ಪಾಲು ಸಲ್ಲಬೇಕು ಎಂದು ನನ್ನ ಲೆಕ್ಕ. ಆ ಚಳಿಗಾಲದಲ್ಲಿ ಬೀಜದ ಸಾಲಿಗೆ ಮತ್ತೆ ಹುಳ ಬೀಳಲಿಲ್ಲ ಎಂಬುದಷ್ಟು ನಾನು ಕಂಡದ್ದು.

ಉಳಿದ ಹೊಲದ ಕಡಲೆ ಶಿವರಾತ್ರಿಯ ಮೊದಲೇ ಕಿತ್ತು ರಾಶಿಯಾಯಿತು. ಬೀಜದ ಸಾಲುಗಳು ಮಾತ್ರ ಹಸಿರಾಗಿಯೇ ನಿಂತವು, ತಡವಾಗಿ ಹೂಬಿಟ್ಟು, ತಡವಾಗಿ ಕಾಯಿ ಕಟ್ಟಿ. ಬಿಸಿಲು ಏರುತ್ತಿತ್ತು, ಕಾಳು ಬಲಿಯುವ ಮೊದಲೇ ಗಿಡ ಒಣಗಿದರೆ ಎಂಬ ಹೆದರಿಕೆ. ಅತ್ತೆ ದಿನಕ್ಕೆ ಮೂರು ಸಲ ಹೊಲಕ್ಕೆ ಹೋಗಿಬರುತ್ತಿದ್ದರು. ಹದಿನೈದು ದಿನ ತಡವಾಗಿ ಕಿತ್ತೆವು. ಕಾಳು ಎಂದಿಗಿಂತ ಸಣ್ಣ. ಸಣ್ಣ ಕಾಳು ಮೊಳೆಯುತ್ತದೋ ಇಲ್ಲವೋ? ಅತ್ತೆ ತೂತು ಬಿದ್ದ ಆ ಧೋತರದ್ದೇ ಒಂದು ತುಂಡು ಹರಿದು, ಇಪ್ಪತ್ತೊಂದು ಕಾಳು ಕಟ್ಟಿ, ನೀರಿನಲ್ಲಿ ಅದ್ದಿ ತೂಗುಹಾಕಿದರು. ಮೂರನೆಯ ದಿನ ಬಿಚ್ಚಿದಾಗ ಇಪ್ಪತ್ತು ಮೊಳೆತಿದ್ದವು. ಮೊಳೆಯದ ಒಂದನ್ನು ಅತ್ತೆ ಬಾಯಿಗೆ ಹಾಕಿಕೊಂಡು ಅಗಿದು, ಉಪ್ಪು ಇದ್ದಿದ್ದರೆ ಚೆನ್ನಾಗಿತ್ತು ಎಂದರು. ನಾನು ದೇವರ ಮುಂದೆ ಹೋಗಿ ಅಡ್ಡಬಿದ್ದೆ. ಆ ರಾತ್ರಿ ಎಷ್ಟೋ ತಿಂಗಳ ಮೇಲೆ ನಿದ್ದೆ ಬಂತು.

ಯುಗಾದಿಗೆ ಅಪ್ಪ ಬಂದ. ಗಾಡಿ ಕಟ್ಟಿಕೊಂಡು, ತಾನೇ ಹೊಡೆದುಕೊಂಡು, ಅಷ್ಟು ದೂರ. ಮೈ ಇಳಿದಿತ್ತು, ಆದರೆ ಹೋಳಿಗೆ ಎರಡು ಹಾಕಿಸಿಕೊಂಡು ತಿಂದ. ನೋವು ನಿಂತದ್ದು ಹುಳಿಯಿಂದಲೋ ಗಾಡಿ ಬಿಟ್ಟು ಮನೆಯಲ್ಲಿ ಕೂತದ್ದರಿಂದಲೋ ನನಗೆ ಗೊತ್ತಿಲ್ಲ, ಗೊತ್ತುಮಾಡಿಕೊಳ್ಳುವ ಆಸೆಯೂ ಇಲ್ಲ. ತೊಳೆದು ಒಣಗಿಸಿದ ಖಾಲಿ ಸೀಸೆಯನ್ನು ಚೀಲದಿಂದ ತೆಗೆದು ಅತ್ತೆಯ ಮುಂದಿಟ್ಟ. ಬೀಗರ ಸೀಸೆಯನ್ನು ಖಾಲಿ ಕೊಡಬಾರದೆಂದು ಒಳಗೆ ಹಿಡಿ ತೊಗರಿ ಹಾಕಿದ್ದ.

ಅತ್ತೆ ತೊಗರಿಯನ್ನು ಮೊರಕ್ಕೆ ಸುರಿದುಕೊಂಡು ಒಳಗೆ ಹೋದರು. ಹೊರಬರುವಾಗ ಸೀಸೆಯ ತುಂಬ ಕೆಂಪು ಕಡಲೆ, ಮೇಲೆ ನುಸಿ ಹಿಡಿಯದಿರಲೆಂದು ಬೂದಿ. ಅದನ್ನು ಅಪ್ಪನ ಕೈಗೆ ಕೊಟ್ಟು, ಬಾಗಿಲಿಗೆ ಒರಗಿ ನಿಂತು ಹೇಳಿದರು.

"ಬೀಗರ, ಇದು ತಿನ್ನಾಕಲ್ಲರಿ, ಬಿತ್ತಾಕ. ನಮ್ಮ ತವರಮನಿ ಬೀಜ. ಒಂದೇ ಹೊಲದಾಗ ಇದ್ರ ಒಂದು ಜಿಟಿಮಳಿಗಿ ಹೋಗತದ, ಈ ವರ್ಷ ನೋಡ್ದೆ. ನಿಮ್ಮ ತೊಗರಿ ಹೊಲದಾಗ ಒಂದು ಮೂಲ್ಯಾಗ ಹಾಕ್ರಿ. ಸೊಸಿ ತವರಿಗಿ ಹೋಗಾಗ ನಾನೂ ಬರತೀನಿ. ನಂದಂತ ಒಂದು ಮೂಲಿ ಅಲ್ಲಿರತದ."

ಕಲ್ಲು ಹೊತ್ತು ಹೆಗಲು ಗಟ್ಟಿಯಾದ ನಮ್ಮಪ್ಪ ಸೀಸೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಕೊನೆಗೆ, "ಬರ್ರಿ ಅಕ್ಕಾ," ಎಂದ. ಅಲ್ಲಿಯವರೆಗೆ ಬೀಗತ್ಯಾರ ಎನ್ನುತ್ತಿದ್ದವನು.

ಮುಂದಿನ ಚಳಿಗಾಲದಲ್ಲಿ ಚೊಚ್ಚಲ ಬಸುರಿಯಾಗಿ ನಾನು ತವರಿಗೆ ಹೋದಾಗ ಅತ್ತೆ ಜೊತೆಗೆ ಬಂದರು. ತಾಂಡೂರು ಮುಟ್ಟಿದ ಮರುದಿನ ಬೆಳಗ್ಗೆ ನಾನು ಅವರನ್ನು ಹೊಲಕ್ಕೆ ಕರೆದುಕೊಂಡು ಹೋದೆ. ತೊಗರಿಯ ನಡುವೆ ಒಂದು ಮೂಲೆಯಲ್ಲಿ ಅಪ್ಪ ಒಂಬತ್ತು ಸಾಲು ಕಡಲೆ ಹಾಕಿದ್ದ. ಅತ್ತೆ ಚಪ್ಪಲಿ ಬಿಟ್ಟು, ಸೀರೆ ಸ್ವಲ್ಪ ಎತ್ತಿ ಹಿಡಿದು, ಸಾಲಿನ ಕೊನೆಯವರೆಗೆ ನಡೆದು ಹೋದರು. ಅಲ್ಲಿ ನಿಂತು ಕಾಲು ನೋಡಿಕೊಂಡರು. ಹಿಂದಿರುಗಿ ಬಂದಾಗ ಅವರ ಕಣ್ಣಲ್ಲಿ ನೀರಿತ್ತು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಉರೀತದವ್ವಾ," ಎಂದರು. "ಛಲೋ ಉರೀತದ."